ಹೊಸ ಸೆನ್ಸರ್ ಹಾಕಿದರೂ ನಿಂತ ಪಿಕಪ್!

2023ರ ಜೂನ್ ಮೊದಲ ವಾರ. ಪಿಕಪ್ಪಿನಲ್ಲಿ 250 ಅಡಿಕೆ ಸಸಿ. ಕೊಡಗಿನಲ್ಲಿರುವ ಭಾವನ ತೋಟಕ್ಕೆ ಹೊರಟದ್ದು. ಅಲ್ಲಿ ಗುಂಡಿ ತೆಗೆದಾಗಿತ್ತು, ನೆಡಲು ಜನ ಹೇಳಿ ಆಗಿತ್ತು. ಸಂಪಾಜೆ ದಾಟಿ ಘಾಟಿ ಹತ್ತಲು ಸುರು ಮಾಡಿ ನಾಲ್ಕೈದು ತಿರುವು ಕಳೆದಿರಬಹುದು. ಎರಡನೇ ಗೇರಿನಲ್ಲಿ ಚೆನ್ನಾಗಿಯೇ ಎಳೆಯುತ್ತಿದ್ದ ಗಾಡಿ, ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತೇ ಬಿಟ್ಟಿತು.

ಬ್ರೇಕ್ ಒತ್ತಿದೆ. ಒಮ್ಮೆ ಹಿಡಿಯಿತು. ಎರಡನೇ ಸಲ ಒತ್ತುವಾಗ ಪೆಡಲ್ ಕಲ್ಲಿನ ಹಾಗೆ. ಗಾಡಿ ಮೆಲ್ಲ ಹಿಂದೆ ಜಾರತೊಡಗಿತು. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿದೆ. ಜತೆಗಿದ್ದ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಬಸ್ಸು, ಎಡಕ್ಕೆ ಕಣಿ, ಮೇಲಿಂದ ಮಳೆ. ಆ ಅರ್ಧ ಗಂಟೆಯನ್ನು ಈಗ ನೆನೆದರೂ ಮೈ ಬೆವರುತ್ತದೆ.

ಮುಕ್ಕಾಲು ಗಂಟೆ ಕಳೆದು ಸೆಲ್ಫ್ ಹೊಡೆದರೆ ಏನೂ ಆಗದವರಂತೆ ಎಂಜಿನ್ ಸ್ಟಾರ್ಟ್! ಸಸಿ ಮುಟ್ಟಿತು. ಆದರೆ ಈ ಕಾಯಿಲೆಯ ಮೂಲ ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕಿದ ಮದ್ದಿಗೆ ತಗಲಿದ ಖರ್ಚು ನೂರು ರೂಪಾಯಿಯ ಒಳಗೆ. ಅದಕ್ಕೆ ಮೊದಲು ಹೋದದ್ದು ಅದರ ನೂರು ಪಾಲಿಗಿಂತ ಹೆಚ್ಚು. ನಿಮಗೆ ಈ ದಾರಿ ಹತ್ತಿರವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮದ್ದು: ಫಿಲ್ಟರ್

ನಮ್ಮದು 2012ರ ಮೋಡೆಲ್, ಸೆಕೆಂಡ್ ಹ್ಯಾಂಡಿನಲ್ಲಿ ತೆಗೊಂಡದ್ದು. ಕಾಮನ್ ರೈಲ್ ಡೀಸೆಲ್ ಎಂಜಿನ್. ಹಳೇ ಜೀಪಿನ ಹಾಗೆ ಪೂರ್ತಿ ಮೆಕ್ಯಾನಿಕಲ್ ಅಲ್ಲ. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಹೊಡೆಯಬೇಕು ಎಂದು ಹೇಳುವುದು ಒಂದು ಕಂಪ್ಯೂಟರ್ ಪೆಟ್ಟಿಗೆ. ಮೆಕ್ಯಾನಿಕ್‌ಗಳು ಇದಕ್ಕೆ ಇ.ಸಿ.ಯು. ಎನ್ನುತ್ತಾರೆ.

ಊರಿನ ಮೆಕ್ಯಾನಿಕ್ ಕತೆ ಕೇಳಿ, "ಡೀಸೆಲ್ ಬರ್ತಾ ಇಲ್ಲ ಅಣ್ಣ, ಫಿಲ್ಟರ್ ಬ್ಲಾಕ್" ಅಂದರು. ಫಿಲ್ಟರ್ ಬದಲಾಯಿತು. ಟಾಂಕಿ ಇಳಿಸಿ ತೊಳೆದದ್ದೂ ಆಯಿತು. ಹತ್ತು ದಿನ ಸುಖ. ಆಮೇಲೆ ಅಡಿಕೆ ಮೂಟೆ ಹೇರಿ ಗುಡ್ಡೆ ಹತ್ತುವಾಗ ಪುನಃ ಅದೇ ಕತೆ. ಖಾಲಿ ಗಾಡಿ ಎಷ್ಟು ಓಡಿಸಿದರೂ ನಿಲ್ಲುವುದಿಲ್ಲ. ಲೋಡು ಇರಬೇಕು, ಏರು ಇರಬೇಕು, ಎಂಜಿನ್ ಕಾದಿರಬೇಕು. ಮೂರೂ ಸೇರಿದರೆ ಮಾತ್ರ ನಿಲ್ಲುವುದು. ಇದೇ ದೊಡ್ಡ ಸುಳಿವು ಎಂದು ನನಗೆ ಆಗ ಗೊತ್ತಾಗಲಿಲ್ಲ.

ಎರಡನೇ ಮದ್ದು: ಹೊಸ ಸೆನ್ಸರ್

ಪೇಟೆಯ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಪಿ0335 ಎಂಬ ಕೋಡ್ ಬಂತು. "ಕ್ರಾಂಕ್ ಸೆನ್ಸರ್ ಹೋಗಿದೆ" ಎಂದು ಹೊಸತು ಹಾಕಿದರು. ಬಿಲ್ಲು ಕೊಟ್ಟು ಖುಷಿಯಿಂದ ಬಂದೆ. ಎಂಟನೇ ದಿನ, ಗೊಬ್ಬರ ಹೇರಿ ಬರುವಾಗ ಗಾಡಿ ನಿಂತಿತು!

ಈಗ ಗೊತ್ತಾಗಿದೆ, ಆ ಕೋಡಿನ ಅರ್ಥ "ಸೆನ್ಸರ್ ಹಾಳು" ಎಂದಲ್ಲ. "ಕ್ರಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ" ಎಂದು ಮಾತ್ರ. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ಕಪ್ಲರ್, ಅಲ್ಲಿಂದ ಪೆಟ್ಟಿಗೆಯವರೆಗಿನ ವಯರ್, ಆಚೆ ತುದಿಯ ಕಪ್ಲರ್, ಕೊನೆಗೆ ಪೆಟ್ಟಿಗೆ. ತೋಟದ ತುದಿಗೆ ನೀರು ಬರುವುದಿಲ್ಲ ಎಂದಾದರೆ ನಾವು ಕೂಡಲೇ ಪಂಪ್ ಬದಲಿಸುತ್ತೇವಾ? ಪೈಪ್ ಒಡೆದಿದೆಯಾ, ವಾಲ್ವ್ ಕಟ್ಟಿದೆಯಾ ನೋಡ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ಆ ಬುದ್ಧಿ ಓಡುವುದಿಲ್ಲ.

ಈ ಸೆನ್ಸರ್ ಮಾಡುವುದೆಂತ?

ಕ್ರಾಂಕ್ ಸೆನ್ಸರ್ ಹೆಬ್ಬೆರಳಷ್ಟು ದೊಡ್ಡ ವಸ್ತು. ಹೆಚ್ಚಾಗಿ ಫ್ಲೈವೀಲಿನ ಹತ್ತಿರ ಅಥವಾ ಎದುರಿನ ಪುಲ್ಲಿಯ ಹತ್ತಿರ ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ. ಹಳೇ ಗಾಡಿಗಳಲ್ಲಿ ಹೆಚ್ಚು ಕಾಣುವ ಬಗೆಯೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಕಾಯಿಲ್. ಅದರ ಎದುರು ಹಲ್ಲುಗಳಿರುವ ಕಬ್ಬಿಣದ ಚಕ್ರ ತಿರುಗುತ್ತದೆ. ಒಂದೊಂದು ಹಲ್ಲು ಹಾದು ಹೋಗುವಾಗಲೂ ಕಾಯಿಲಿನಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಸೈಕಲ್ ಡೈನಮೋದ ತಮ್ಮ ಎನ್ನಿ.

ಬಹಳಷ್ಟು ಎಂಜಿನ್‌ಗಳಲ್ಲಿ ಈ ಚಕ್ರಕ್ಕೆ 60 ಹಲ್ಲಿನ ಜಾಗ, ಇರುವುದು 58. ಎರಡು ಹಲ್ಲು ಬೇಕೆಂದೇ ಬಿಟ್ಟದ್ದು. ಆ ಖಾಲಿ ಜಾಗ ಬಂದಾಗ, ಪಿಸ್ಟನ್ ಎಲ್ಲಿದೆ ಎಂದು ಪೆಟ್ಟಿಗೆಗೆ ಅಂದಾಜು ಸಿಗುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 1900 ಸಲ ಈ ಸುದ್ದಿ ಹೋಗುತ್ತಿರಬೇಕು. ಸುದ್ದಿ ನಿಂತರೆ ಎಂಜಿನ್ ನಿಂತಿದೆ ಎಂದೇ ಪೆಟ್ಟಿಗೆ ತಿಳಿಯುತ್ತದೆ, ಡೀಸೆಲ್ ಬಂದ್ ಮಾಡುತ್ತದೆ. ಗಾಡಿ ಕೀ ತಿರುಗಿಸಿದ ಹಾಗೆ ನಿಲ್ಲುವುದು ಇದಕ್ಕೇ. (ಕೆಲವು ಎಂಜಿನ್‌ಗಳು ಮೇಲಿನ ಕ್ಯಾಮ್ ಸೆನ್ಸರಿನ ಆಧಾರದಲ್ಲಿ ಕುಂಟುತ್ತಾ ಓಡುವುದೂ ಉಂಟು.)

ಡೀಸೆಲಿನದ್ದಾ, ಕರೆಂಟಿನದ್ದಾ?

ಸ್ಪಾನರ್ ಹಿಡಿಯುವ ಮೊದಲು ಇದನ್ನು ಬೇರೆ ಮಾಡಬೇಕು. ಕಣ್ಣು, ಕಿವಿ ಸಾಕು.

ಡೀಸೆಲಿನ ತೊಂದರೆಯಾದರೆ ಗಾಡಿ ಸಾಯುವುದು ನಿಧಾನಕ್ಕೆ. ಎಳೆತ ಕಡಿಮೆ, ಜರ್ಕ್ ಹೊಡೆಯುವುದು, ಉಸಿರು ಕಟ್ಟಿದ ಹಾಗೆ ಮಾಡುವುದು, ಮತ್ತೆ ನಿಲ್ಲುವುದು. ಫಿಲ್ಟರಿನ ಹತ್ತಿರ ಕೈಪಂಪ್ ಇದ್ದರೆ ಒತ್ತಿ ನೋಡಿ. ಮೆತ್ತಗೆ ಹೋಗುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಾ ಉಂಟು. ಬೇಗನೆ ಗಟ್ಟಿಯಾದರೆ ಅಲ್ಲಿವರೆಗೆ ಡೀಸೆಲ್ ಇದೆ.

ಕರೆಂಟಿನ ತೊಂದರೆಯಾದರೆ ಒಮ್ಮೆಲೇ ಬಂದ್. ಆಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹಿಡಿಯುವುದಿಲ್ಲ. ಆಗ ಮೀಟರ್ ಬೋರ್ಡಿನಲ್ಲಿ ಆರ್.ಪಿ.ಎಂ. ಮುಳ್ಳು ನೋಡಿ. ಸೆಲ್ಫ್ ತಿರುಗುವಾಗ ಮುಳ್ಳು ಸ್ವಲ್ಪ ಎದ್ದರೆ ಸುದ್ದಿ ಮುಟ್ಟುತ್ತಾ ಇದೆ. ಅಲ್ಲಾಡದೇ ಬಿದ್ದುಕೊಂಡಿದ್ದರೆ ಕ್ರಾಂಕ್ ಸೆನ್ಸರಿನ ದಾರಿಯ ಮೇಲೆ ಸಂಶಯ ಇಡಬಹುದು. ಎಲ್ಲ ಗಾಡಿಗಳಲ್ಲೂ ಈ ಮುಳ್ಳಿನ ಪರೀಕ್ಷೆ ನಡೆಯುವುದಿಲ್ಲ. ಹಾಗಾಗಿ ನಿಮ್ಮ ಗಾಡಿ ಸರಿ ಇರುವಾಗ ಸೆಲ್ಫ್ ಹೊಡೆಯುವಾಗ ಮುಳ್ಳು ಎಂತ ಮಾಡ್ತದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಮುಳ್ಳು ಏಳದಿದ್ದರೆ ಮೊದಲು ಫ್ಯೂಸ್, ಮತ್ತೆ ಎಂಜಿನ್ನಿನ ಮುಖ್ಯ ರಿಲೇ, ಬ್ಯಾಟರಿಯ ಅರ್ತ್ ಬೋಲ್ಟ್ ಗಟ್ಟಿ ಉಂಟಾ ನೋಡಿ. ಇವುಗಳಿಗೆ ಖರ್ಚಿಲ್ಲ.

ಮೋಟರ್ ರಿವೈಂಡಿಂಗಿನವರ ಬುದ್ಧಿ

ನನಗೆ ದಾರಿ ತೋರಿಸಿದ್ದು ಗ್ಯಾರೇಜಿನವರಲ್ಲ, ನಮ್ಮ ಪಂಪಿನ ಮೋಟರ್ ಕಟ್ಟುವವರು. ಮೋಟರ್ ಇಳಿಸಲು ಹೋದಾಗ ಕತೆ ಹೇಳಿದೆ. ನಕ್ಕರು. "ಅದೂ ಒಂದು ಕಾಯಿಲೇ ಅಲ್ವಾ ಅಣ್ಣ? ಮೋಟರ್ ನೋಡಿದ ಹಾಗೇ ನೋಡಿದ್ರಾಯ್ತು. ನಿಮ್ಮ ಹತ್ರ ಮಲ್ಟಿಮೀಟರ್ ಉಂಟಲ್ಲ?" ಎಂದರು. ಇತ್ತು. ಪಂಪ್‌ಶೆಡ್ಡಿನಲ್ಲಿ ಕರೆಂಟು ನೋಡಲು ತಂದು, ಮೂಲೆಗೆ ಹಾಕಿದ್ದು.

ಅವರು ಹೇಳಿದ ಪ್ರಕಾರ ಮಾಡಿದ್ದು ಹೀಗೆ.

ಒಂದು: ಕೀ ಆಫ್, ಬ್ಯಾಟರಿಯ ನೆಗೆಟಿವ್ ಕಳಚಿ, ಸೆನ್ಸರಿನ ಕಪ್ಲರ್ ಬಿಡಿಸಿದೆ. ಎರಡು ಪಿನ್ ಇದ್ದರೆ ಹೆಚ್ಚಾಗಿ ಕಾಯಿಲ್ ಬಗೆ. (ಮೂರು ಪಿನ್ನಿನಲ್ಲಿ ಎರಡು ಬಗೆ ಉಂಟು. ಕೆಲವದರಲ್ಲಿ ಮೂರನೆಯದು ವಯರಿನ ಮೇಲಿನ ಜಾಳಿಗೆಯದ್ದು. ಇನ್ನು ಕೆಲವು ಹಾಲ್ ಎಂಬ ಎಲೆಕ್ಟ್ರಾನಿಕ್ ಬಗೆ. ಹಾಲ್ ಸೆನ್ಸರನ್ನು ಓಮಿನಲ್ಲಿ ಅಳೆಯಬಾರದು, ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಪೆಟ್ಟಿಗೆಯಿಂದ ವೋಲ್ಟೇಜ್ ಬರುತ್ತಾ ಎಂದು ನೋಡಬೇಕು.)

ಎರಡು: ಮೀಟರನ್ನು 2000 ಓಮಿಗೆ ಇಟ್ಟು ಸೆನ್ಸರಿನ ಎರಡು ಪಿನ್ನಿಗೆ ಹಿಡಿದೆ. ಬೆಳಗ್ಗಿನ ತಂಪಿನಲ್ಲಿ 870 ಓಮ್ ತೋರಿಸಿತು. ಈ ಬಗೆಯವು ಸಾಮಾನ್ಯವಾಗಿ ಕೆಲವು ನೂರರಿಂದ ಒಂದೂವರೆ ಸಾವಿರದೊಳಗೆ ಇರುತ್ತವೆ. ನಿಮ್ಮ ಗಾಡಿಯ ಸರಿಯಾದ ಅಂಕೆ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಸೊನ್ನೆ ಬಂದರೆ ಒಳಗೆ ಶಾರ್ಟ್, ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಮೂರು: ಒಂದು ಪಿನ್ನಿನಿಂದ ಎಂಜಿನ್ ಬಾಡಿಗೆ ನೋಡಿದೆ. ಅಲ್ಲಿ ಸಂಪರ್ಕ ತೋರಿಸಬಾರದು. ಮೋಟರ್ ಬಾಡಿಗೆ ಅರ್ತ್ ಆಗಿದೆಯಾ ಎಂದು ನೋಡಿದ ಹಾಗೆಯೇ.

ನಾಲ್ಕು: ಸೆನ್ಸರ್ ಬಿಚ್ಚಿ ತುದಿ ನೋಡಿದೆ. ಅಯಸ್ಕಾಂತವಲ್ವಾ, ಕಬ್ಬಿಣದ ಹುಡಿ ಗಡ್ಡದ ಹಾಗೆ ಅಂಟಿರುತ್ತದೆ. ಬಟ್ಟೆಯಲ್ಲಿ ಒರಸಿದರೆ ಆಯಿತು. ತುದಿಗೂ ಹಲ್ಲಿಗೂ ಇರುವ ಎಡೆ ಒಂದು ಮಿಲಿಮೀಟರಿನ ಆಸುಪಾಸು. ಹಾಗಾಗಿ ತಳದಲ್ಲಿ ಮಣ್ಣು, ಹಳೇ ವಾಷರ್ ಸಿಕ್ಕಿಕೊಂಡು ಸೆನ್ಸರ್ ಎತ್ತರವಾದರೂ ಸುದ್ದಿ ದುರ್ಬಲ.

ಐದು: ಸೆನ್ಸರ್ ಪುನಃ ಕೂರಿಸಿ, ಕಪ್ಲರ್ ಹಾಕದೆ, ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು ಸೆನ್ಸರಿನ ಪಿನ್ನಿಗೆ ಕೊಟ್ಟೆ. ಬ್ಯಾಟರಿ ಜೋಡಿಸಿ, ಗೇರ್ ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮಗ ಸೆಲ್ಫ್ ಹೊಡೆದ. ಮೀಟರಿನಲ್ಲಿ ಒಂದು ವೋಲ್ಟಿನ ಹತ್ತಿರ ಬಂತು. ಡೈನಮೋ ಕೆಲಸ ಮಾಡ್ತಾ ಇದೆ!

ಅಂದರೆ ಸೆನ್ಸರ್ ಸರಿ. ಹಾಗಾದರೆ ಕಳ್ಳ ದಾರಿಯಲ್ಲಿದ್ದಾನೆ.

ಕಳ್ಳ ಸಿಕ್ಕಿದ

ಪುನಃ ಬ್ಯಾಟರಿ ಕಳಚಿದೆ. ಸೆನ್ಸರಿನ ಕಪ್ಲರ್ ಜೋಡಿಸಿದೆ. ಈಗ ಆಚೆ ತುದಿಯಲ್ಲಿ, ಪೆಟ್ಟಿಗೆಯ ಕಪ್ಲರ್ ಬಿಡಿಸಿ, ಅದೇ ಎರಡು ವಯರ್‌ಗಳ ಪಿನ್ನಿಗೆ ಮೀಟರ್ ಹಿಡಿದೆ. ಯಾವ ಪಿನ್ ಎನ್ನುವುದನ್ನು ವಯರಿನ ಬಣ್ಣ ನೋಡಿ ಗುರುತಿಸಿದ್ದು. ಪಿನ್ನಿನ ಒಳಗೆ ಮೀಟರಿನ ದಪ್ಪ ಸೂಜಿ ತುರುಕಬಾರದು. ಅಗಲವಾದರೆ ಅದೇ ಹೊಸ ಕಾಯಿಲೆ. ಸಪೂರ ಗುಂಡುಸೂಜಿ ಮೆಲ್ಲ ತಾಗಿಸಿದರೆ ಸಾಕು.

ಅಲ್ಲೂ 870 ಬಂತು. ಸರಿ ಉಂಟಲ್ಲ ಎನ್ನುವಷ್ಟರಲ್ಲಿ ಮೋಟರಿನವರು ಹೇಳಿದ್ದು ನೆನಪಾಯಿತು: "ನಿಂತಿರುವ ಗಾಡಿಯಲ್ಲಿ ಸರಿ ಇದ್ರೆ ಆಗ್ಲಿಲ್ಲ. ಅಲ್ಲಾಡಿಸಿ ನೋಡ್ಬೇಕು." ಮಗ ಮೀಟರ್ ನೋಡುತ್ತಾ ಕೂತ. ನಾನು ಸೆನ್ಸರಿನಿಂದ ಸುರು ಮಾಡಿ, ವಯರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಬಂದೆ. ಸೈಲೆನ್ಸರ್ ಪೈಪಿನ ಹತ್ತಿರ ಒಂದು ಕ್ಲಾಂಪ್ ಇದೆ. ಅದರ ಹಿಂದೆ ಎಳೆದ ಕೂಡಲೇ "ಅಪ್ಪ, ಹೋಯ್ತು!" ಎಂದು ಮಗ ಕೂಗಿದ. ಬಿಟ್ಟರೆ 870, ಎಳೆದರೆ ಖಾಲಿ.

ಟೇಪ್ ಬಿಡಿಸಿದೆ. ಯಾವುದೋ ಕಾಲದಲ್ಲಿ ಇಲಿ ಕಡಿದ ವಯರನ್ನು ಯಾರೋ ಬರೇ ಹೊಸೆದು ಟೇಪ್ ಸುತ್ತಿದ್ದರು. ಬಿಸಿಗೆ ಟೇಪಿನ ಅಂಟು ಕರಗಿ ಜಾರಿತ್ತು. ತಾಮ್ರ ಹಸಿರು ಹಿಡಿದಿತ್ತು. ನಾಲ್ಕೈದು ಎಳೆ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು.

ಈಗ ಹಿಂದಿನದೆಲ್ಲ ಬಿಡಿಸಿಕೊಂಡಿತು. ಲೋಡು ಹೇರಿ ಏರು ಹತ್ತುವಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಒಂದು ಬದಿಗೆ ವಾಲುತ್ತದೆ. ಆಗ ವಯರಿನ ಕಟ್ಟು ಎಳೆಯುತ್ತದೆ. ಜತೆಗೆ ಸೈಲೆನ್ಸರಿನ ಬಿಸಿ. ಜೋಡಣೆ ಬಿಟ್ಟುಕೊಳ್ಳುತ್ತದೆ. ತಣ್ಣಗಾಗುವಾಗ ಎಳೆಗಳು ಪುನಃ ತಾಗುತ್ತವೆ. ಹೊಸ ಸೆನ್ಸರ್ ಹಾಕಿದಾಗ ಎಂಟು ದಿನ ಓಡಿದ್ದು ಯಾಕೆ? ಕಪ್ಲರ್ ಬಿಡಿಸುವಾಗ ವಯರ್ ಅಲ್ಲಾಡಿ, ಎಳೆಗಳು ಕೆಲವು ದಿನದ ಮಟ್ಟಿಗೆ ಚೆನ್ನಾಗಿ ಕೂತಿರಬೇಕು. ಗಾಡಿ ಸರಿಯಾಯಿತು ಎಂದ ಕೂಡಲೇ ಹೊಸ ಸಾಮಾನಿನಿಂದಲೇ ಸರಿಯಾದದ್ದು ಎಂದು ತಿಳಿಯಬಾರದು.

ಮದ್ದು ಸರಳ. ಹಸಿರು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ವಯರ್ ತುಂಡು ಸೇರಿಸಿ ಬೆಸುಗೆ ಹಾಕಿದೆವು. ಎರಡು ಜೋಡಣೆ ಒಂದೇ ನೇರಕ್ಕೆ ಬಾರದಂತೆ ಹಿಂದೆಮುಂದೆ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿದೆವು. ಎರಡೂ ವಯರ್‌ಗಳನ್ನು ಮೊದಲಿದ್ದ ಹಾಗೆಯೇ ಹಗ್ಗದಂತೆ ಹೊಸೆದು ಇಟ್ಟೆವು. ಮೇಲೆ ತಾಮ್ರದ ಜಾಳಿಗೆ ಇದ್ದರೆ ಅದನ್ನೂ ಕೂಡಿಸಬೇಕು, ಇಲ್ಲವಾದರೆ ಬೇರೆ ವಯರ್‌ಗಳ ಗಲಾಟೆ ಒಳಗೆ ಬರುತ್ತದೆ. ಕಟ್ಟನ್ನು ಸೈಲೆನ್ಸರಿನಿಂದ ಒಂದು ಗೇಣು ದೂರಕ್ಕೆ ಸರಿಸಿ, ಎಂಜಿನ್ ವಾಲುವಾಗ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದೆವು. ಅದರ ನಂತರ ಮೂರು ಸಲ ಲೋಡು ಹಾಕಿ ಸಂಪಾಜೆ ಘಾಟಿ ಹತ್ತಿದೆ. ಎಲ್ಲೂ ನಿಲ್ಲಲಿಲ್ಲ.

ಹಳೇ ಸೆನ್ಸರಿಗೆ ಬಿಸಿನೀರ ಸ್ನಾನ

ಪೇಟೆಯಲ್ಲಿ ಬದಲಿಸಿದ ಹಳೇ ಸೆನ್ಸರನ್ನು ನಾನು ಕೇಳಿ ತಂದಿದ್ದೆ. ಅದರ ತಪ್ಪಿತ್ತಾ ನೋಡಬೇಕೆನಿಸಿತು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ, ಪಿನ್ ಹೊರಗಿರುವ ಹಾಗೆ ಬಿಸಿನೀರಿನಲ್ಲಿ ಇಳಿಬಿಟ್ಟೆ. ನೀರು ಸುಮಾರು 80 ಡಿಗ್ರಿ. ಹತ್ತು ನಿಮಿಷದಲ್ಲಿ ಓಮ್ ಏರುತ್ತಾ 1040ರ ಹತ್ತಿರ ನಿಂತಿತು. ತಣಿದಾಗ ಪುನಃ 870.

ಏರಿದ್ದು ಕಾಯಿಲೆಯಲ್ಲ. ತಾಮ್ರದ ಗುಣವೇ ಅದು. ಹತ್ತು ಡಿಗ್ರಿ ಬಿಸಿಗೆ ಸುಮಾರು ನೂರಕ್ಕೆ ನಾಲ್ಕರಂತೆ ಓಮ್ ಹೆಚ್ಚುತ್ತದೆ. ಮೆಲ್ಲ ಏರಿ ಮೆಲ್ಲ ಇಳಿದರೆ ಸೆನ್ಸರ್ ಗಟ್ಟಿ. ಬಿಸಿಯಾಗುವಾಗ ಒಮ್ಮೆಲೇ ಖಾಲಿ ತೋರಿಸಿದರೆ, ಅಥವಾ ಅಂಕೆ ಕುಣಿದರೆ, ಕಾಯಿಲಿನೊಳಗೆ ತಂತಿ ಕಡಿದಿದೆ. ಅಂಥದ್ದೂ ಉಂಟು. ಆಗ ಹೊಸತು ಹಾಕಲೇಬೇಕು. ನಮ್ಮ ಹಳೇ ಸೆನ್ಸರಿಗೆ ಯಾವ ರೋಗವೂ ಇರಲಿಲ್ಲ! ಈಗ ಅದು ಡ್ಯಾಷಿನ ಪೆಟ್ಟಿಗೆಯಲ್ಲಿ ಸ್ಪೇರ್ ಆಗಿ ಕೂತಿದೆ.

ನೀರಿನ ಬಿಸಿ ಹೇಳುವ ಸೆನ್ಸರ್

ಇದೇ ಬಿಸಿನೀರಿನ ಪರೀಕ್ಷೆ ಇನ್ನೊಂದಕ್ಕೂ ಆಗುತ್ತದೆ. ರೇಡಿಯೇಟರ್ ನೀರಿನ ಬಿಸಿ ಹೇಳುವ ಸೆನ್ಸರ್ ಹಾಳಾದರೆ ಬೆಳಗ್ಗೆ ಸ್ಟಾರ್ಟ್ ಕಷ್ಟ, ಹೊಗೆ ಹೆಚ್ಚು, ಡೀಸೆಲ್ ಹೆಚ್ಚು, ಕೆಲವದರಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ. ಇದರ ಗುಣ ಕಾಯಿಲಿಗೆ ತದ್ವಿರುದ್ಧ. ಬಿಸಿಯಾದಷ್ಟು ಓಮ್ ಇಳಿಯಬೇಕು. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ 20 ಡಿಗ್ರಿಯಲ್ಲಿ 2500 ಓಮಿನ ಸುಮಾರು, 80 ಡಿಗ್ರಿಯಲ್ಲಿ 300 ಚಿಲ್ಲರೆ. ಸ್ಕ್ಯಾನರಿನಲ್ಲಿ ಪಿ0117 ಬಂದರೆ ಶಾರ್ಟ್ ಇರಬಹುದು, ಪಿ0118 ಬಂದರೆ ವಯರ್ ಕಡಿದಿರಬಹುದು. ಇಲ್ಲೂ ಕೋಡ್ ಹೇಳುವುದು ಸರ್ಕ್ಯೂಟಿನ ಸುದ್ದಿಯನ್ನೇ. ಈ ಸೆನ್ಸರ್ ಬಿಚ್ಚುವುದು ಎಂಜಿನ್ ಪೂರ್ತಿ ತಣಿದ ಮೇಲೆ. ಕಾದಿರುವಾಗ ಬಿಚ್ಚಿದರೆ ಕುದಿನೀರು ಮುಖಕ್ಕೆ ಹಾರುತ್ತದೆ.

ಇವು ಮಾತ್ರ ಬೇಡ

* ಹಳೇ ಡೀಸೆಲ್ ಎಂಜಿನ್ನಿನಲ್ಲಿ ಏರ್ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ಅಭ್ಯಾಸ ನಮಗುಂಟು. ಕಾಮನ್ ರೈಲಿನಲ್ಲಿ ಎಂಜಿನ್ ತಿರುಗುವಾಗ ಇದನ್ನು ಮಾಡಲೇಬಾರದು. ಕಾರಿನ ಟಯರಿನಲ್ಲಿ ಎರಡು ಚಿಲ್ಲರೆ ಬಾರ್ ಗಾಳಿ ಇದ್ದರೆ ಈ ಪೈಪಿನಲ್ಲಿ ಓಡುವಾಗ ಸಾವಿರ ಬಾರ್ ದಾಟುತ್ತದೆ. ಸಣ್ಣ ಹನಿ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.
* ಘಾಟಿಯಲ್ಲಿ ಎಂಜಿನ್ ನಿಂತರೆ ಬ್ರೇಕನ್ನು ಪಂಪ್ ಮಾಡಬೇಡಿ. ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಎರಡು ಮೂರು ಸಲಕ್ಕೆ ಮುಗಿಯುತ್ತದೆ. ಒಮ್ಮೆ ಒತ್ತಿ, ಬಿಡದೆ ಹಿಡಿಯಿರಿ. ಹ್ಯಾಂಡ್ ಬ್ರೇಕ್, ಗೇರು, ಚಕ್ರಕ್ಕೆ ಕಲ್ಲು. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಮರದ ಆಪು ಒಂದು ಗಾಡಿಯಲ್ಲಿ ಸದಾ ಇರಲಿ.
* ಕಾದ ಎಂಜಿನ್ನಿಗೆ ತಣ್ಣೀರು ಎರಚಬೇಡಿ.
* ಕೀ ಆನ್ ಇರುವಾಗ ಇ.ಸಿ.ಯು. ಕಪ್ಲರ್ ಬಿಡಿಸಬೇಡಿ.

ದುಡ್ಡಿಗೆ ಮೊದಲು ಈ ಸಾಲು

ನಿಂತದ್ದು ಹೇಗೆ, ಎಲ್ಲಿ, ಎಷ್ಟು ಲೋಡಿನಲ್ಲಿ, ಎಷ್ಟು ಕಾದ ಮೇಲೆ ಎಂದು ಪುಸ್ತಕದಲ್ಲಿ ಬರೆಯಿರಿ. ಸ್ಕ್ಯಾನರ್ ಹಾಕಿಸಿದರೆ ಕೋಡಿನ ನಂಬರ್ ಕೇಳಿ ಬರೆದುಕೊಳ್ಳಿ. ಫ್ಯೂಸ್, ರಿಲೇ, ಅರ್ತ್ ನೋಡಿ. ಸೆನ್ಸರಿನ ತುದಿ ಒರಸಿ. ಸೆನ್ಸರಿನಲ್ಲಿ ಓಮ್ ಅಳೆಯಿರಿ, ಆಮೇಲೆ ಪೆಟ್ಟಿಗೆಯ ತುದಿಯಲ್ಲಿ ಅಳೆಯಿರಿ. ಎರಡೂ ಒಂದೇ ಇರಬೇಕು. ವಯರ್ ಅಲ್ಲಾಡಿಸಿ ಅಳೆಯಿರಿ. ಕಾದ ಮೇಲೆ ಅಳೆಯಿರಿ. ಇಷ್ಟರಲ್ಲೂ ಸೆನ್ಸರೇ ತಪ್ಪಿತಸ್ಥ ಎಂದಾದರೆ ಮಾತ್ರ ಹೊಸತು ತನ್ನಿ. ಬದಲಿಸಿದ ಹಳತನ್ನು ಕೇಳಿ ಪಡೆಯಿರಿ.

ಇದೆಲ್ಲ ನಮ್ಮಿಂದ ಆಗುವುದಿಲ್ಲ ಎನ್ನುವವರು ಬರೆದುಕೊಂಡ ಪುಸ್ತಕವನ್ನಾದರೂ ಮೆಕ್ಯಾನಿಕ್‌ಗೆ ತೋರಿಸಿ. "ಲೋಡಿನಲ್ಲಿ ಏರು ಹತ್ತುವಾಗ ಮಾತ್ರ, ಒಮ್ಮೆಲೇ ನಿಲ್ತದೆ" ಎಂದು ನಾನು ಮೊದಲ ದಿನವೇ ಸರಿಯಾಗಿ ಹೇಳಿದ್ದರೆ ಅವರಿಗೂ ಬೇರೆ ದಾರಿ ಹೊಳೆಯುತ್ತಿತ್ತೇನೋ. ನಾನು ಹೇಳಿದ್ದು "ಗಾಡಿ ನಿಲ್ತದೆ" ಅಷ್ಟೇ. ದನಕ್ಕೆ ಹುಷಾರಿಲ್ಲ ಎಂದಷ್ಟೇ ಹೇಳಿದರೆ ಡಾಕ್ಟರು ಎಂತ ಮದ್ದು ಕೊಡ್ತಾರೆ?

ಇಲಿಯ ಕಾಟಕ್ಕೆ ಈಗ ಪಿಕಪ್ಪನ್ನು ಅಡಿಕೆ ಕೊಟ್ಟಿಗೆಯ ಒಳಗೆ ನಿಲ್ಲಿಸುವುದಿಲ್ಲ. ಹೊರಗೆ ಮಾಡಿನ ಅಡಿಯಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತೇನೆ. ಇದಕ್ಕಿಂತ ಒಳ್ಳೆಯ ಉಪಾಯ ಮಾಡಿ ಗೆದ್ದವರಿದ್ದರೆ ಪತ್ರಿಕೆಗೆ ಬರೆಯಿರಿ. ನನ್ನಂತೆ ಕಾಯುತ್ತಿರುವವರು ತುಂಬ ಮಂದಿ ಇದ್ದಾರೆ.